ಜುಬೈಲ್‌ನಲ್ಲಿ ಕುಳಿತು ಸುರತ್ಕಲ್‌ನಲ್ಲಿ ಮನೆ ಕೊಂಡದ್ದು



ಕೊಲ್ಲಿಯಲ್ಲಿ ದುಡಿಯುವ ನಮ್ಮೆಲ್ಲರ ತಲೆಯಲ್ಲೂ ಊರಿನ ಒಂದು ಮನೆಯ ಚಿತ್ರ ಇದ್ದೇ ಇರುತ್ತದೆ. ಹೋದ ವಾರಾಂತ್ಯ ಸಂಘದ ಊಟಕ್ಕೆ ಸೇರಿದಾಗ ಹೊಸದಾಗಿ ಬಂದ ಹುಡುಗನೊಬ್ಬ, "ಸರ್, ಬ್ರೋಕರ್ ಐದು ಲಕ್ಷ ಮುಂಗಡ ಕೇಳ್ತಿದ್ದಾನೆ, ಕಳಿಸಲಾ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಸೌದಿಯಲ್ಲೇ ಮನೆ ಕೊಳ್ಳಬಾರದೇ ಎನ್ನುವವರೂ ಇದ್ದಾರೆ. ಇಕಾಮಾ ಇದ್ದ ವಿದೇಶೀಯರು ಗೃಹ ಸಚಿವಾಲಯದ ಪರವಾನಗಿ ಪಡೆದು ಸ್ವಂತ ವಾಸಕ್ಕೆ ಮನೆ ಕೊಳ್ಳಲು 2000ದ ಕಾನೂನಿನಲ್ಲೇ ಅವಕಾಶವಿತ್ತು. 2025ರ ಜುಲೈನಲ್ಲಿ ಒಪ್ಪಿಗೆ ಪಡೆದ ಹೊಸ ಕಾನೂನು 2026ರ ಜನವರಿಯಲ್ಲಿ ಜಾರಿಗೆ ಬಂತು. ಆದರೆ ಕೆಲಸ ಮುಗಿದ ದಿನ ಎಕ್ಸಿಟ್ ಹೊಡೆಸಿಕೊಂಡು ಹೊರಡುವ ನನ್ನಂಥವನಿಗೆ ಇಲ್ಲಿ ಮನೆ ಯಾಕೆ, ಹೇಳಿ? ನಾನು ಹುಡುಕಿದ್ದು ಸುರತ್ಕಲ್ ಕಡೆ. 2018ರಲ್ಲಿ ಎಂಟು ಸೆಂಟ್ಸ್ ಜಾಗ, ಹಂಚಿನ ಮನೆ, ಬಾವಿ, ಎರಡು ಹಲಸಿನ ಮರ, ಎಲ್ಲ ಸೇರಿ 62 ಲಕ್ಷ ರೂಪಾಯಿಗೆ ಮಾತಾಯಿತು.

ನನ್ನ ಚಿಕ್ಕಪ್ಪನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಮನೆ ಕೊಳ್ಳುವವರೆಲ್ಲ ಒಬ್ಬ ಸಾಲಿಸಿಟರ್ ಅನ್ನು ಹಿಡಿಯುತ್ತಾರಂತೆ. ದಾಖಲೆ ಹುಡುಕುವುದು, ಎದುರು ಕಡೆಯವರಿಗೆ ಪ್ರಶ್ನೆ ಕಳಿಸುವುದು, ಕರಾರು ವಿನಿಮಯ, ಎಲ್ಲ ಅವರದ್ದೇ. ದುಡ್ಡೂ ಅವರ ಗ್ರಾಹಕರ ಖಾತೆಯ ಮೂಲಕವೇ ಹೋಗುತ್ತದೆ. ಕೊನೆಗೆ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಹೆಸರು ಏರಿದರೆ ಆ ಹಕ್ಕಿಗೆ ಸರಕಾರದ್ದೇ ಖಾತ್ರಿ. ನಮ್ಮಲ್ಲಿ ಹಾಗಲ್ಲ. ಸಬ್ ರಿಜಿಸ್ಟ್ರಾರ್ ನೋಂದಾಯಿಸುವುದು ಕಾಗದವನ್ನು ಮಾತ್ರ, ಮಾರುವವನಿಗೆ ನಿಜವಾಗಿ ಹಕ್ಕು ಉಂಟೋ ಇಲ್ಲವೋ ಎಂಬುದಕ್ಕೆ ಅವರು ಜವಾಬ್ದಾರರಲ್ಲ. ಅದನ್ನು ನೋಡಿಕೊಳ್ಳಬೇಕಾದವರು ಕೊಳ್ಳುವ ನಾವು, ಅಂದರೆ ನಮ್ಮ ವಕೀಲರು.

(ನಮ್ಮ 'ವಕೀಲ' ಅರಬಿಯಿಂದ ಬಂದ ಪದವಾದರೂ ಇಲ್ಲಿ ವಕೀಲ್ ಎಂದರೆ ಏಜೆಂಟ್, ಪ್ರತಿನಿಧಿ. ಕೋರ್ಟಿಗೆ ಹೋಗುವವರು ಮುಹಾಮಿ. ನನಗೆ ಇಬ್ಬರೂ ಬೇಕಾಗಿದ್ದರು!)

ನಾನು ಹಿಡಿದದ್ದು ಮಂಗಳೂರಿನ ಒಬ್ಬ ಹಿರಿಯ ವಕೀಲರನ್ನು. ಮುಂಗಡ ಕಳಿಸುತ್ತೇನೆ ಎಂದಾಗ ಅವರು ಗದರಿದರು: "ಒಂದು ಪೈಸೆ ಕೊಡಬೇಡಿ ಮಾರಾಯ್ರೆ, ಮೊದಲು ಕಾಗದ ಬರಲಿ." ಮೂಲ ಪತ್ರ, ಪಾಲುಪತ್ರ, ಭೂಪರಿವರ್ತನೆ ಆದೇಶ, ನಕ್ಷೆ, ಪಂಚಾಯತಿನ 9 ಮತ್ತು 11ರ ನಮೂನೆ, ತೆರಿಗೆ ರಶೀದಿ, 30 ವರ್ಷಗಳ ಋಣಭಾರ ಪತ್ರ, ಹೀಗೆ ಉದ್ದ ಪಟ್ಟಿ. ಈಗ ಋಣಭಾರ ಪತ್ರವನ್ನು ಕಾವೇರಿ ಜಾಲತಾಣದಲ್ಲಿ ಇಲ್ಲಿಂದಲೇ ತೆಗೆಯಬಹುದು, ಆದರೆ ಅದು 2004ರಿಂದ ಈಚಿನದ್ದು. ಹಳೆಯದಕ್ಕೆ ಕಚೇರಿಗೆ ಹೋಗಿಯೇ ಹುಡುಕಿಸಬೇಕು.

ಋಣಭಾರ ಪತ್ರ ಬಂತು. ಅಡಮಾನ ಇಲ್ಲ, ತಕರಾರಿಲ್ಲ. ನನಗೆ ಖುಷಿಯೋ ಖುಷಿ. ವಕೀಲರ ಫೋನ್ ಬಂತು: "ಇಸಿ ಕ್ಲೀನ್ ಉಂಟು. ಆದರೆ ವಂಶವೃಕ್ಷ ನೋಡಿದ್ರಾ?"

ನಾನು ನೋಡಿರಲಿಲ್ಲ. ಜಾಗ ಮಾರುವವರ ತಂದೆಯ ಸ್ವಯಾರ್ಜಿತ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು, ತಾಯಿ ಅವರಿಗಿಂತ ಮೊದಲೇ ಹೋಗಿದ್ದರು. 1989ರಲ್ಲಿ ಮೂವರು ಗಂಡುಮಕ್ಕಳು ಪಾಲುಪತ್ರ ಮಾಡಿಕೊಂಡಿದ್ದರು. ವಂಶವೃಕ್ಷದಲ್ಲಿ ನಾಲ್ಕನೆಯ ಹೆಸರೊಂದಿತ್ತು, ಮದುವೆಯಾಗಿ ಮುಂಬೈಗೆ ಹೋದ ಅಕ್ಕ. ಪಾಲುಪತ್ರದಲ್ಲಿ ಆಕೆಯ ಸಹಿ ಎಲ್ಲೂ ಇರಲಿಲ್ಲ. 2005ರ ತಿದ್ದುಪಡಿಯ ಮೇಲೆಯೇ ಹೆಣ್ಣುಮಕ್ಕಳಿಗೆ ಪಾಲು ಬಂದದ್ದು ಎಂದು ನಾನೂ ತಿಳಿದಿದ್ದೆ. ಅದು ಪಿತ್ರಾರ್ಜಿತದ ಮಾತು. ತಂದೆಯ ಸ್ವಂತ ಸಂಪಾದನೆಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಕೊಟ್ಟಿತ್ತು. ಋಣಭಾರ ಪತ್ರದಲ್ಲಿ ಅದು ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ಬರುವುದು ನೋಂದಾಯಿತ ವ್ಯವಹಾರ ಮಾತ್ರ. ಸಹಿ ಕೇಳದೆ ಬಿಟ್ಟ ಅಕ್ಕ ಯಾವ ರಿಜಿಸ್ಟರಿನಲ್ಲಿ ಇರುತ್ತಾಳೆ?

ಮಾರುವವರು, "ಅಕ್ಕ ಏನೂ ಕೇಳುವುದಿಲ್ಲ, ಅವರು ಆರಾಮ ಇದ್ದಾರೆ" ಎಂದರು. ಬ್ರೋಕರ್, ಬೇರೆ ಗಿರಾಕಿ ಇದ್ದಾರೆ ಎಂದ. ನನ್ನ ಹೆಂಡತಿಗೆ ಆ ಬಾವಿಯ ಮೇಲೆ ಮನಸ್ಸು. ಎರಡು ವಾರ ಮನೆಯಲ್ಲಿ ಇದೇ ಜಗಳ. ವಕೀಲರು ಮಾತ್ರ ಕದಲಲಿಲ್ಲ: ಅಕ್ಕ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ ಕೊಡಬೇಕು, ಇಲ್ಲವಾದರೆ ಬೇಡ.

ಅದೇ ಹೊತ್ತಿಗೆ ಪಕ್ಕದ ಹದಿನೈದು ಸೆಂಟ್ಸ್ ಅಡಿಕೆ ತೋಟವನ್ನೂ ಅಗ್ಗಕ್ಕೆ ಕೊಡುತ್ತೇವೆ ಎಂಬ ಆಸೆ ತೋರಿಸಿದರು. ವಿದೇಶಿ ವಿನಿಮಯದ ನಿಯಮದಂತೆ ಅನಿವಾಸಿ ಭಾರತೀಯರು ಮನೆ, ಅಂಗಡಿ ಕೊಳ್ಳಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಡ, ಆದರೆ ಕೃಷಿ ಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. 2020ರಲ್ಲಿ ಕರ್ನಾಟಕ ಭೂಸುಧಾರಣೆ ಕಾಯಿದೆ ಸಡಿಲಾದ ಮೇಲೆ ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಅದು ರಾಜ್ಯದ ಕಾನೂನು. ಕೇಂದ್ರದ ಈ ನಿರ್ಬಂಧ ನಮಗೆ ಹಾಗೆಯೇ ಇದೆ. ತೋಟ ಬಿಟ್ಟೆ.

ಅಂತೂ ಅಕ್ಕ ಒಪ್ಪಿದರು, ತಮ್ಮ ಪಾಲಿನ ದುಡ್ಡು ಕೊಟ್ಟರೆ ಮಾತ್ರ ಎಂದು. ತಮ್ಮಂದಿರಿಗೆ ಸಿಟ್ಟು ಬಂತು. ನನಗೆ ಅದು ನ್ಯಾಯವಾಗಿಯೇ ಕಂಡಿತು. ಇದರಲ್ಲೇ ಐದು ತಿಂಗಳು ಹೋಯಿತು.

ಇನ್ನು ನನ್ನ ಅಧಿಕಾರ ಪತ್ರ. ರಜೆ ಸಿಗುವಂತಿರಲಿಲ್ಲ, ಭಾವನ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಡಬೇಕಾಯಿತು. ಜನರಲ್ ಬೇಡ, ಸ್ಪೆಷಲ್ ಸಾಕು ಎಂದರು ವಕೀಲರು: ಈ ಒಂದೇ ಆಸ್ತಿ, ಕೊಳ್ಳುವುದಕ್ಕೆ ಮಾತ್ರ, ಮಾರುವುದಕ್ಕಲ್ಲ. ಭಾವ ಒಳ್ಳೆಯವರೇ, ಆದರೂ ಕಾಗದ ಕಾಗದವೇ. ಜುಬೈಲ್‌ನಿಂದ ಐದು ಗಂಟೆ ಕಾರು ಓಡಿಸಿ ರಿಯಾದ್‌ನ ನಮ್ಮ ರಾಯಭಾರ ಕಚೇರಿಯಲ್ಲಿ ಅಧಿಕಾರಿಯ ಎದುರೇ ಸಹಿ ಹಾಕಿ ಮುದ್ರೆ ಒತ್ತಿಸಿದೆ. ಇಷ್ಟಕ್ಕೆ ಮುಗಿಯಿತು ಎಂದುಕೊಳ್ಳಬೇಡಿ. ಹೊರದೇಶದಲ್ಲಿ ಬರೆದ ಅಧಿಕಾರ ಪತ್ರ ಭಾರತ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಅಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ತಲುಪಿದ ದಿನಕ್ಕೆ ಸಾಕ್ಷಿ ಬೇಕೆಂದು ವಕೀಲರು ಕೊರಿಯರ್ ಲಕೋಟೆಯನ್ನೂ ಎತ್ತಿಡಿಸಿದರು. ಜಿಪಿಎ ಬರೆಸಿಕೊಂಡರೆ ಮನೆಯೇ ನಮ್ಮದಾಯಿತು ಎಂದುಕೊಂಡವರು ಈಗಲೂ ಇದ್ದಾರೆ. ಅದರಿಂದ ಮಾಲಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

ದುಡ್ಡು ಎನ್‌ಆರ್‌ಇ ಖಾತೆಯಿಂದ ಬ್ಯಾಂಕಿನ ಮೂಲಕವೇ ಹೋಯಿತು. ಬೆಲೆ 50 ಲಕ್ಷ ದಾಟಿದ್ದರಿಂದ ಶೇ. 1 ಅಂದರೆ 62,000 ರೂಪಾಯಿ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಿದೆ. ಮಾರುವವರು ಅನಿವಾಸಿಯಾಗಿದ್ದರೆ ಈ ಲೆಕ್ಕ ಬೇರೆ, ಬಹಳ ಹೆಚ್ಚು. ಈಗ ಕೊಳ್ಳುವವರು ಇನ್ನೊಂದು ನೆನಪಿಡಿ: 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2 ಆಗಿದೆ. 45 ಲಕ್ಷಕ್ಕೆ ಮೇಲಿನ ಮನೆಗೆ ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ಶೇ. 7.6 ಬೀಳುತ್ತದೆ.

ನೋಂದಣಿಯ ದಿನ ಭಾವ ಮೊಬೈಲಿನಲ್ಲಿ ಚಿತ್ರ ಕಳಿಸಿದರು. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಮುಂಬೈಯ ಆ ಅಕ್ಕ, ಮಡಿಲಲ್ಲಿ ಕೈಚೀಲ. ತನ್ನ ಕಾಗದದ ಕೆಲಸ ಮುಗಿದಿದ್ದರೂ ಅಪ್ಪನ ಮನೆ ಹೋಗುವುದನ್ನು ನೋಡಲು ಬಂದಿದ್ದರಂತೆ. ಹಲಸಿನ ಮರ ಕಡಿಯಬೇಡಿ ಎಂದಷ್ಟೇ ಭಾವನ ಬಳಿ ಹೇಳಿದರಂತೆ. ಕಡಿದಿಲ್ಲ.

ಆ ರಾತ್ರಿ ಪುತ್ತೂರಿನಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ. ನಮ್ಮ ತರವಾಡಿನ ಜಾಗದ ಬಾಬ್ತು ಆಕೆಯಿಂದಲೂ 2003ರಲ್ಲಿ ಒಂದು ಬಿಡುಗಡೆ ಪತ್ರ ಬರೆಸಿಕೊಂಡಿದ್ದೆವು.

"ಅಕ್ಕಾ, ಆ ಕಾಗದದಲ್ಲಿ ಏನಿತ್ತು ಅಂತ ಓದಿದ್ದೆಯಾ?"

"ಓದುವುದು ಎಂತದ್ದು ಮಾರಾಯ? ನೀನು ತೋರಿಸಿದ ಕಡೆ ಸಹಿ ಹಾಕಿದ್ದೆ."