ಹವ್ಯಾಸಿ ಸೈಕಲ್ ಸವಾರರು ಶಿರಸ್ತ್ರಾಣ ಧರಿಸಬೇಕೇ? – ಬೈಂದೂರು ಪರಿಸರದ ಸವಾರರಿಗೆ ಮಾಹಿತಿ

ಪ್ರಸ್ತಾವನೆ

ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕು ಪಶ್ಚಿಮಕ್ಕೆ ಅರಬ್ಬೀ ಸಮುದ್ರವನ್ನೂ ಪೂರ್ವಕ್ಕೆ ಪಶ್ಚಿಮ ಘಟ್ಟಗಳ ಸಾಲನ್ನೂ ಹೊಂದಿರುತ್ತದೆ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ; ನಡುವೆ ರಾಷ್ಟ್ರೀಯ ಹೆದ್ದಾರಿ 66. ಬೈಂದೂರಿನ ಸೋಮೇಶ್ವರ ಕಡಲತೀರ, ಒತ್ತಿನೆಣೆಯ ಗುಡ್ಡ, ಕೊಲ್ಲೂರಿನತ್ತ ಸಾಗುವ ಕಾಡುದಾರಿ ಇವೆಲ್ಲವೂ ಆರೋಗ್ಯಕ್ಕಾಗಿ ಅಥವಾ ವಿಹಾರಕ್ಕಾಗಿ ಸೈಕಲ್ ತುಳಿಯುವವರಿಗೆ ಪ್ರಶಸ್ತವಾದ ತಾಣಗಳಾಗಿವೆ.

ಈ ಸವಾರರಲ್ಲಿ ಮೂಡುವ ಒಂದು ಸಹಜ ಪ್ರಶ್ನೆಯೆಂದರೆ, ಸೈಕಲ್ ಸವಾರಿಗೆ ಶಿರಸ್ತ್ರಾಣ ಅಂದರೆ ಹೆಲ್ಮೆಟ್ ಅಗತ್ಯವೇ ಎಂಬುದು. ಕಾನೂನು ಕಡ್ಡಾಯಗೊಳಿಸದ ವಿಷಯದಲ್ಲಿ ನಿರ್ಧಾರವು ಸವಾರನಿಗೇ ಬಿಟ್ಟದ್ದು. ಆದರೆ ನಿರ್ಧಾರ ಕೈಗೊಳ್ಳುವ ಮುನ್ನ ಹೆಲ್ಮೆಟ್ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ತಿಳಿದಿರುವುದು ಅವಶ್ಯಕ. ಈ ಕುರಿತ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಕಾನೂನಿನ ಸ್ಥಿತಿ

ಮೋಟಾರು ವಾಹನ ಅಧಿನಿಯಮ, 1988ರ ಕಲಂ 129, 2019ರ ತಿದ್ದುಪಡಿಯ ನಂತರ, ಮೋಟಾರು ಸೈಕಲ್ ಚಲಾಯಿಸುವ ಹಾಗೂ ಅದರಲ್ಲಿ ಪ್ರಯಾಣಿಸುವ ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯಗೊಳಿಸುತ್ತದೆ. ಕಾಲಿನಿಂದ ತುಳಿಯುವ ಸೈಕಲ್ ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಗರಿಷ್ಠ ವೇಗದ, ನಿಯಮಗಳ ಇತರ ಷರತ್ತುಗಳನ್ನೂ ಪೂರೈಸುವ ವಿದ್ಯುತ್ ಸೈಕಲ್ಲನ್ನು ಸಹ ಮೋಟಾರು ವಾಹನವೆಂದು ಪರಿಗಣಿಸಲಾಗುವುದಿಲ್ಲ.

ಆದರೂ ಸೈಕಲ್ ಹೆಲ್ಮೆಟ್ ಕಾನೂನಿಗೆ ಅಪರಿಚಿತವಾದ ವಸ್ತುವಲ್ಲ. ಮೋಟಾರು ಸೈಕಲ್ಲಿನಲ್ಲಿ ಒಯ್ಯುವ ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳ ಬಗ್ಗೆ 2022ರಲ್ಲಿ ಹೊರಡಿಸಲಾದ ಕೇಂದ್ರ ನಿಯಮವು, ತಲೆಗೆ ಸರಿಹೊಂದುವ ಸಾಮಾನ್ಯ ಹೆಲ್ಮೆಟ್ ಅಥವಾ ನಿಗದಿತ ಮಾನಕದ ಸೈಕಲ್ ಹೆಲ್ಮೆಟ್ ತೊಡಿಸಬೇಕೆಂದು ಹೇಳುತ್ತದೆ.

ಹೆಲ್ಮೆಟ್ ಕೆಲಸ ಮಾಡುವ ಬಗೆ

ಸೈಕಲ್ ಹೆಲ್ಮೆಟ್ಟಿನ ಹೊರಗೆ ತೆಳುವಾದ ಪ್ಲಾಸ್ಟಿಕ್ ಕವಚವೂ ಒಳಗೆ ಥರ್ಮೋಕೋಲ್ ಜಾತಿಯ ಗಟ್ಟಿ ನೊರೆಪದರವೂ ಇರುತ್ತದೆ. ತಲೆ ನೆಲಕ್ಕೆ ಬಡಿದಾಗ ಈ ಪದರವು ಕುಗ್ಗಿ ಪೆಟ್ಟಿನ ಶಕ್ತಿಯನ್ನು ಹೀರಿಕೊಳ್ಳುತ್ತದೆ. ತಲೆಯು ಒಮ್ಮೆಲೇ ನಿಲ್ಲುವ ಬದಲು ಕೆಲವು ಸಾವಿರಾಂಶ ಸೆಕೆಂಡುಗಳಷ್ಟು ಹೆಚ್ಚು ಕಾಲ ತೆಗೆದುಕೊಂಡು ನಿಲ್ಲುತ್ತದೆ. ಮಿದುಳಿಗೆ ಈ ಅತ್ಯಲ್ಪ ಅವಧಿಯೇ ದೊಡ್ಡ ವ್ಯತ್ಯಾಸವಾಗಿರುತ್ತದೆ.

ಯುರೋಪಿನ ಇಎನ್ 1078 ಮಾನಕದ ಪ್ರಕಾರ ಹೆಲ್ಮೆಟ್ಟನ್ನು ಸೆಕೆಂಡಿಗೆ ಸುಮಾರು 5.4 ಮೀಟರ್ ವೇಗದಲ್ಲಿ ಸಮತಟ್ಟಾದ ಕಬ್ಬಿಣದ ಮೇಲೆ ಬೀಳಿಸಿ ಪರೀಕ್ಷಿಸಲಾಗುತ್ತದೆ. ಇದು ಗಂಟೆಗೆ ಸುಮಾರು 20 ಕಿ.ಮೀ. ವೇಗಕ್ಕೆ, ಅಂದರೆ ಒಂದೂವರೆ ಮೀಟರ್ ಎತ್ತರದಿಂದ ಬೀಳುವ ವೇಗಕ್ಕೆ ಸಮ. ಸೈಕಲ್ ಮೇಲೆ ಕುಳಿತ ವ್ಯಕ್ತಿಯ ತಲೆಯು ನೆಲದಿಂದ ಸರಿಸುಮಾರು ಇಷ್ಟೇ ಎತ್ತರದಲ್ಲಿರುತ್ತದೆ.

ಇದರಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಚಕ್ರ ಜಾರಿ ಅಥವಾ ಆಯ ತಪ್ಪಿ ಸವಾರನು ತಾನಾಗಿ ನೆಲಕ್ಕೆ ಬೀಳುವ ಸಂದರ್ಭಕ್ಕೆ ಹೆಲ್ಮೆಟ್ಟನ್ನು ರೂಪಿಸಲಾಗಿದೆ. ಇಳಿಜಾರಿನಲ್ಲಿ ಸೈಕಲ್ಲಿನ ವೇಗ ಹೆಚ್ಚಿದ್ದರೂ ತಲೆಯು ನೆಲಕ್ಕೆ ಬೀಳುವ ವೇಗವು ಬಹುಮಟ್ಟಿಗೆ ಅದರ ಎತ್ತರವನ್ನೇ ಅವಲಂಬಿಸಿರುವುದರಿಂದ ಅಲ್ಲಿಯೂ ಹೆಲ್ಮೆಟ್ ಪ್ರಯೋಜನಕ್ಕೆ ಬರುತ್ತದೆ. ಎರಡನೆಯದಾಗಿ, ವೇಗವಾಗಿ ಬರುವ ಲಾರಿ ಅಥವಾ ಬಸ್ಸು ಡಿಕ್ಕಿ ಹೊಡೆಯುವುದು, ರಸ್ತೆ ಬದಿಯ ಕಂಬಕ್ಕೋ ಬಂಡೆಗೋ ನೇರವಾಗಿ ಅಪ್ಪಳಿಸುವುದು ಇವು ಈ ಪರೀಕ್ಷೆಯ ಮಿತಿಯನ್ನು ಮೀರಿದ ಸಂದರ್ಭಗಳು. ತಲೆ ತಿರುಚಿದಂತಾಗಿ ಮಿದುಳಿಗಾಗುವ ಹಾನಿಯನ್ನೂ ಹೆಲ್ಮೆಟ್ ಪೂರ್ಣವಾಗಿ ತಡೆಯಲಾರದು.

ಅಧ್ಯಯನಗಳು ತಿಳಿಸುವುದೇನು?

2016ರಲ್ಲಿ ಪ್ರಕಟವಾದ ಓಲಿವಿಯರ್ ಮತ್ತು ಕ್ರೈಟನ್ ಅವರ ವಿಶ್ಲೇಷಣೆಯು 40 ಅಧ್ಯಯನಗಳನ್ನೂ ಗಾಯಗೊಂಡ 64,000ಕ್ಕೂ ಹೆಚ್ಚು ಸೈಕಲ್ ಸವಾರರ ವಿವರಗಳನ್ನೂ ಒಳಗೊಂಡಿತ್ತು. ಇದರಂತೆ, ಹೆಲ್ಮೆಟ್ ಧರಿಸಿದ್ದವರಲ್ಲಿ ತಲೆಗೆ ಗಾಯವಾಗುವ ಸಂಭವವು ಶೇ. 51ರಷ್ಟು, ತೀವ್ರ ಗಾಯದ ಸಂಭವವು ಶೇ. 69ರಷ್ಟು ಕಡಿಮೆ ಇತ್ತು. ಕುತ್ತಿಗೆಯ ಗಾಯದ ವಿಷಯದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡುಬಂದಿಲ್ಲ. ಇವು ಗಾಯಗೊಂಡವರನ್ನು ಪರಸ್ಪರ ಹೋಲಿಸಿದ ಅಧ್ಯಯನಗಳಾಗಿದ್ದು, ಹೆಲ್ಮೆಟ್ ಧರಿಸುವವರು ಇತರ ವಿಷಯಗಳಲ್ಲಿಯೂ ಹೆಚ್ಚು ಜಾಗರೂಕರಾಗಿರಬಹುದು ಎಂಬುದನ್ನು ಗಮನದಲ್ಲಿಡಬೇಕಾಗುತ್ತದೆ.

ಹಿಮದ ಇಳಿಜಾರಿನಲ್ಲಿ ಆಡುವ ಸ್ಕೀಯಿಂಗ್ ಕ್ರೀಡೆಯಲ್ಲಿಯೂ ಇದೇ ಪ್ರಶ್ನೆ ದೀರ್ಘಕಾಲ ಚರ್ಚೆಯಲ್ಲಿತ್ತು. ನಾರ್ವೆ ದೇಶದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಲ್ಮೆಟ್ ಧರಿಸಿದವರಿಗೆ ತಲೆಯ ಗಾಯದ ಸಂಭವ ಶೇ. 60ರಷ್ಟು ಕಡಿಮೆಯೆಂದು ಕಂಡುಬಂದಿತು. 2009ರ ಮಾರ್ಚ್‌ನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಅವರು ಕೆನಡಾದಲ್ಲಿ, ಹೊಸಬರು ಅಭ್ಯಾಸ ಮಾಡುವ ಸೌಮ್ಯ ಇಳಿಜಾರಿನಲ್ಲಿ, ಹೆಲ್ಮೆಟ್ ಇಲ್ಲದೆ ಬಿದ್ದರು. ಎದ್ದು ಮಾತನಾಡಿದ ಅವರು ಆರಂಭದಲ್ಲಿ ವೈದ್ಯಕೀಯ ನೆರವು ಬೇಡವೆಂದರು. ತಲೆಬುರುಡೆಯ ಒಳಗೆ ರಕ್ತಸ್ರಾವವಾಗಿ ಎರಡು ದಿನಗಳಲ್ಲಿ ನಿಧನರಾದರು. ಇನ್ನೊಂದೆಡೆ, 2013ರ ಡಿಸೆಂಬರ್‌ನಲ್ಲಿ ಕಾರು ಪಂದ್ಯದ ವಿಶ್ವ ಚಾಂಪಿಯನ್ ಮೈಕೆಲ್ ಶುಮಾಕರ್ ಅವರು ಹೆಲ್ಮೆಟ್ ಧರಿಸಿದ್ದರೂ ಬಂಡೆಗೆ ತಲೆ ಬಡಿದು ತೀವ್ರವಾಗಿ ಗಾಯಗೊಂಡರು. ಸಾಧಾರಣ ಬೀಳುವಿಕೆಯೂ ಪ್ರಾಣಕ್ಕೆ ಕುತ್ತಾಗಬಹುದು; ಹೆಲ್ಮೆಟ್ಟಿಗೂ ಮಿತಿಯಿದೆ. ಈ ಎರಡೂ ಮಾತು ಸೈಕಲ್ ಸವಾರಿಗೂ ಅನ್ವಯಿಸುತ್ತವೆ.

ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳು

1. "ಹೆಲ್ಮೆಟ್ ಧರಿಸಿದರೆ ಸವಾರನೂ ಇತರ ಚಾಲಕರೂ ಅಜಾಗರೂಕರಾಗುತ್ತಾರೆ." ಇಂಗ್ಲೆಂಡಿನಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೆಲ್ಮೆಟ್ ಧರಿಸಿದ ಸವಾರನನ್ನು ವಾಹನಗಳು ಸರಾಸರಿ 8.5 ಸೆಂ.ಮೀ. ಹೆಚ್ಚು ಹತ್ತಿರದಿಂದ ಹಾದುಹೋದವು. ಈ ವ್ಯತ್ಯಾಸದ ಮಹತ್ವವನ್ನು 2013ರ ಮರುವಿಶ್ಲೇಷಣೆಯೊಂದು ಪ್ರಶ್ನಿಸಿದೆ. ಹೆಲ್ಮೆಟ್ಟಿನ ಧೈರ್ಯದಿಂದ ವೇಗ ಹೆಚ್ಚಿಸಬಾರದೆಂಬ ಎಚ್ಚರಿಕೆಯನ್ನು ಮಾತ್ರ ಸವಾರರು ಸದಾ ಪಾಲಿಸಬೇಕು.

2. "ನೆದರ್ಲೆಂಡ್ಸ್ ದೇಶದಲ್ಲಿ ಹೆಲ್ಮೆಟ್ ಇಲ್ಲದೆಯೇ ಜನ ಸೈಕಲ್ ತುಳಿಯುತ್ತಾರೆ." ಇದು ನಿಜ. ಆದರೆ ಅಲ್ಲಿ ಸೈಕಲ್‌ಗಳಿಗೆ ಪ್ರತ್ಯೇಕ ಪಥಗಳ ವಿಸ್ತಾರವಾದ ಜಾಲವಿದೆ. ಬೈಂದೂರಿನ ಸವಾರನು ಲಾರಿ, ಬಸ್ಸು, ರಿಕ್ಷಾ, ದನಕರುಗಳೊಡನೆ ಒಂದೇ ರಸ್ತೆಯನ್ನು ಹಂಚಿಕೊಳ್ಳಬೇಕಾಗಿದೆ.

3. "ಕಡ್ಡಾಯ ಮಾಡಿದರೆ ಜನ ಸೈಕಲ್ಲನ್ನೇ ಬಿಡುತ್ತಾರೆ." ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 1990ರಲ್ಲಿ ಹೆಲ್ಮೆಟ್ ಕಡ್ಡಾಯಗೊಳಿಸಿದಂದಿನಿಂದ ಈ ಚರ್ಚೆ ನಡೆದಿದೆ. ಕಡ್ಡಾಯದ ಪ್ರಶ್ನೆ ಬೇರೆ, ಸ್ವಇಚ್ಛೆಯಿಂದ ಧರಿಸುವ ಪ್ರಶ್ನೆ ಬೇರೆ. ಹೆಲ್ಮೆಟ್ ಇಲ್ಲವೆಂಬ ಕಾರಣಕ್ಕೆ ಸೈಕಲ್ ಸವಾರಿಯನ್ನೇ ತ್ಯಜಿಸುವ ಅಗತ್ಯವಿಲ್ಲ. ಅದರ ಆರೋಗ್ಯಲಾಭ ಬಹಳ ದೊಡ್ಡದು.

4. "ಕರಾವಳಿಯ ಸೆಕೆಗೆ ಹೆಲ್ಮೆಟ್ ಒಗ್ಗದು." ಮೋಟಾರು ಸೈಕಲ್ ಹೆಲ್ಮೆಟ್ಟಿನ ವಿಷಯದಲ್ಲಿ ಇದು ಸರಿ. ಸೈಕಲ್ ಹೆಲ್ಮೆಟ್ ಹಗುರವಾಗಿದ್ದು ಗಾಳಿಯಾಡುವ ಕಿಂಡಿಗಳನ್ನು ಹೊಂದಿರುತ್ತದೆ. ಈ ಭಾಗದ ಕೃಷಿಕರು ಬಿಸಿಲಿನಲ್ಲಿಯೂ ಹೊರೆ ಹೊರುವಾಗಲೂ ಅಡಿಕೆ ಹಾಳೆಯ ಟೊಪ್ಪಿಯನ್ನು ಧರಿಸುತ್ತ ಬಂದದ್ದು ಯಾವ ಕಾನೂನಿನ ಒತ್ತಾಯದಿಂದಲೂ ಅಲ್ಲ, ಕೆಲಸವು ಕಲಿಸಿದ ವಿವೇಕದಿಂದ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಬೈಂದೂರು ಪರಿಸರದಲ್ಲಿ ಗಮನಿಸಬೇಕಾದ ಅಂಶಗಳು

* ಹೆದ್ದಾರಿ 66: ಚತುಷ್ಪಥ ರಸ್ತೆಯಲ್ಲಿ ವಾಹನಗಳ ವೇಗ ಹೆಚ್ಚು. ಸರ್ವಿಸ್ ರಸ್ತೆ ಇರುವೆಡೆ ಅದನ್ನೇ ಬಳಸತಕ್ಕದ್ದು. ದೂರ ಉಳಿಸಲು ವಿರುದ್ಧ ದಿಕ್ಕಿನಲ್ಲಿ ಸಾಗಬಾರದು. ಇಲ್ಲಿನ ಮುಖ್ಯ ಅಪಾಯವನ್ನು ಹೆಲ್ಮೆಟ್ ತಡೆಯಲಾರದು. ದೀಪ, ಪ್ರತಿಫಲಕ ಪಟ್ಟಿ ಮತ್ತು ಎದ್ದುಕಾಣುವ ಬಟ್ಟೆಗಳೇ ಮೊದಲ ರಕ್ಷಣೆ.

* ಒತ್ತಿನೆಣೆ: ಗುಡ್ಡ ಕಡಿದು ರಸ್ತೆ ನಿರ್ಮಿಸಿದ ಇಂತಹ ಕಡೆ ಮಳೆಗಾಲದಲ್ಲಿ ಮಣ್ಣು ರಸ್ತೆಗೆ ಇಳಿದ ಸಂದರ್ಭಗಳಿವೆ. ಒದ್ದೆ ಕೆಸರಿನ ಮೇಲೆ ಸೈಕಲ್ಲಿನ ತೆಳು ಚಕ್ರ ಸುಲಭವಾಗಿ ಜಾರುತ್ತದೆ.

* ನಾಗೋಡಿ ಘಟ್ಟ: ಕೊಲ್ಲೂರಿನಿಂದ ಹೊಸನಗರದ ಕಡೆಗೆ ಏರುವ ಈ ಹಾದಿಯಲ್ಲಿ ತಿರುವುಗಳೂ ಕಡಿದಾದ ಇಳಿಜಾರೂ ಇವೆ. ಇಳಿಯುವಾಗ ಎರಡೂ ಬ್ರೇಕುಗಳನ್ನು ಬಿಟ್ಟುಬಿಟ್ಟು ಹಿಡಿಯಬೇಕು. ಹೆಲ್ಮೆಟ್ ಇಲ್ಲದೆ ಈ ಇಳಿಜಾರಿನಲ್ಲಿ ಸಾಗದಿರುವುದು ಕ್ಷೇಮಕರ.

* ಗ್ರಾಮ ರಸ್ತೆಗಳು ಮತ್ತು ಕಾಲುಸಂಕಗಳು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಂಕ್ರೀಟ್ ರಸ್ತೆಗಳಲ್ಲಿ ಹಾವಸೆ ಕಟ್ಟುತ್ತದೆ. ವಾಹನವಿಲ್ಲದ ರಸ್ತೆಯೆಂದರೆ ಅಪಾಯವಿಲ್ಲದ ರಸ್ತೆಯೆಂದು ಅರ್ಥವಲ್ಲ; ಜಾರಿ ಬೀಳುವ ಸಂಭವ ಇಲ್ಲಿಯೇ ಹೆಚ್ಚು, ಹೆಲ್ಮೆಟ್ಟಿನ ಉಪಯೋಗವೂ ಇಲ್ಲಿಯೇ ಹೆಚ್ಚು. ಕಾಲುಸಂಕದ ಮೇಲೆ ಸೈಕಲ್ ತುಳಿಯದೆ ಇಳಿದು ತಳ್ಳಿಕೊಂಡು ಹೋಗತಕ್ಕದ್ದು. ಹೊಳೆ ತುಂಬಿ ಹರಿಯುತ್ತಿದ್ದರೆ ದಾಟಲೇಬಾರದು.

ಆಯ್ಕೆ ಮತ್ತು ಧರಿಸುವ ಕ್ರಮ

1. ಇಎನ್ 1078 ಅಥವಾ ತತ್ಸಮಾನ ಮಾನಕದ ಗುರುತಿರುವ ಸೈಕಲ್ ಹೆಲ್ಮೆಟ್ಟನ್ನೇ ಕೊಳ್ಳಬೇಕು. ಕ್ರಿಕೆಟ್ ಅಥವಾ ಕಟ್ಟಡ ಕೆಲಸದ ಹೆಲ್ಮೆಟ್ ಈ ಉದ್ದೇಶಕ್ಕೆ ತಯಾರಾದುದಲ್ಲ.

2. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ, ಹಣೆಯನ್ನು ಮುಚ್ಚುವಂತೆ ಸಮವಾಗಿ ಕುಳಿತಿರಬೇಕು. ಹಿಂದಕ್ಕೆ ವಾಲಿದ ಹೆಲ್ಮೆಟ್ ಹಣೆಯನ್ನು ರಕ್ಷಿಸುವುದಿಲ್ಲ.

3. ಪಟ್ಟಿಗಳು ಕಿವಿಯ ಕೆಳಗೆ ಸೇರಿ, ಗಲ್ಲದ ಪಟ್ಟಿಯಡಿ ಒಂದೆರಡು ಬೆರಳು ಮಾತ್ರ ಹೋಗುವಷ್ಟು ಬಿಗಿಯಾಗಿರಬೇಕು. ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ತಲೆಯಿಂದ ಕಳಚಿಹೋಗುತ್ತದೆ.

4. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು. ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ನೊರೆ ಕುಗ್ಗಿರುತ್ತದೆ.

5. ಮಕ್ಕಳಿಗೆ ಬೆಳೆದಾಗ ಸರಿಹೋಗಲೆಂದು ದೊಡ್ಡ ಅಳತೆಯದನ್ನು ಕೊಡಿಸಬಾರದು. ಪಾಲಕರು ತಾವೂ ಧರಿಸಿದರೆ ಮಕ್ಕಳು ತಾವಾಗಿಯೇ ರೂಢಿಸಿಕೊಳ್ಳುತ್ತಾರೆ.

ತಲೆಗೆ ಪೆಟ್ಟು ಬಿದ್ದಾಗ

ಬಿದ್ದ ವ್ಯಕ್ತಿ ಎದ್ದು ಕುಳಿತು ಮಾತನಾಡಿದ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸಬಾರದು. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಅತಿಯಾದ ನಿದ್ರೆ, ಮಾತಿನಲ್ಲಿ ಗೊಂದಲ, ಫಿಟ್ಸ್, ಕೈಕಾಲುಗಳ ನಿಶ್ಶಕ್ತಿ, ಕಿವಿ ಅಥವಾ ಮೂಗಿನಿಂದ ನೀರಿನಂತಹ ದ್ರವ ಅಥವಾ ರಕ್ತ ಬರುವುದು – ಇವುಗಳಲ್ಲಿ ಯಾವುದೇ ಒಂದು ಕಂಡುಬಂದರೂ ತಕ್ಷಣ 108 ಅಥವಾ 112ಕ್ಕೆ ಕರೆ ಮಾಡಬೇಕು. ಕುತ್ತಿಗೆಗೆ ಪೆಟ್ಟಾಗಿರುವ ಶಂಕೆಯಿದ್ದಲ್ಲಿ, ಉಸಿರಾಟಕ್ಕೆ ತೊಂದರೆಯಿಲ್ಲದ ಪಕ್ಷದಲ್ಲಿ, ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು. ಗಾಯಾಳು ಎಚ್ಚರವಿದ್ದರೂ ಮುಂದಿನ 24 ಗಂಟೆ ಒಂಟಿಯಾಗಿ ಬಿಡಬಾರದು. ಮೋಟಾರು ವಾಹನ ಅಪಘಾತದ ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಅಧಿನಿಯಮದ ಕಲಂ 134ಎ ಕಾನೂನಿನ ರಕ್ಷಣೆ ನೀಡುತ್ತದೆ.

ಮಿದುಳಿನ ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ಮಣಿಪಾಲವು ಬೈಂದೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿದೆ. ಘಟ್ಟದ ತಿರುವಿನಲ್ಲಿ ಬಿದ್ದವರಿಗೆ ಆ ದೂರ ಇನ್ನೂ ಹೆಚ್ಚು. ತಲೆಬುರುಡೆಯೊಳಗೆ ರಕ್ತಸ್ರಾವವಾದಾಗ ಪ್ರತಿ ನಿಮಿಷವೂ ಅಮೂಲ್ಯವಾದುದರಿಂದ, ಪೆಟ್ಟನ್ನು ಸ್ಥಳದಲ್ಲಿಯೇ ತಗ್ಗಿಸುವ ಸಾಧನಕ್ಕೆ ಈ ಭಾಗದಲ್ಲಿ ನಗರಕ್ಕಿಂತ ಹೆಚ್ಚಿನ ಮಹತ್ವವಿದೆ.

ಸಾರಾಂಶ

ಹೆಲ್ಮೆಟ್ ಅಪಘಾತವನ್ನು ತಪ್ಪಿಸುವುದಿಲ್ಲ. ಸುಸ್ಥಿತಿಯ ಬ್ರೇಕು, ಮಿತವಾದ ವೇಗ, ದೀಪ ಮತ್ತು ರಸ್ತೆಯ ಮೇಲಿನ ಗಮನ ಇವೇ ಮೊದಲು. ಇವೆಲ್ಲವೂ ಕೈಕೊಟ್ಟು ಸವಾರ ನೆಲಕ್ಕೆ ಬಿದ್ದಾಗ ತಲೆಗೆ ಉಳಿಯುವ ಕೊನೆಯ ಆಸರೆ ಹೆಲ್ಮೆಟ್. ಕಾನೂನಿನ ಒತ್ತಾಯವಿಲ್ಲದಿದ್ದರೂ ಹವ್ಯಾಸಿ ಸವಾರರು, ವಿಶೇಷವಾಗಿ ಮಕ್ಕಳು, ಹಿರಿಯರು, ಮಳೆಗಾಲದಲ್ಲಿ ಸಾಗುವವರು ಹಾಗೂ ಘಟ್ಟ ಇಳಿಯುವವರು, ಅದನ್ನು ಸ್ವಇಚ್ಛೆಯಿಂದ ಧರಿಸುವುದು ಸೂಕ್ತ.