ಸಿಪಾಯಿ ಕಂಡ, ಮಾತು ಕೇಳಲಿಲ್ಲ

1943ರಲ್ಲಿ ಬ್ರಿಟಿಷ್ ಇಂಡಿಯಾದ ಚಿತ್ರಮಂದಿರಗಳ ಮೇಲೆ ಒಂದು ಕಟ್ಟಳೆ ಬಿತ್ತು. ಸಿನಿಮಾದ ಜೊತೆಗೆ ಸರ್ಕಾರ ಒಪ್ಪಿದ ಕಿರುಚಿತ್ರಗಳನ್ನೂ ತೋರಿಸಲೇಬೇಕು, ಅವುಗಳ ಬಾಡಿಗೆಯನ್ನು ಮಂದಿರದ ಮಾಲೀಕರೇ ತೆರಬೇಕು. ಭಾರತ ರಕ್ಷಣಾ ನಿಯಮಗಳ ಅಡಿ ಹೊರಟ ಆದೇಶವಾದ್ದರಿಂದ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಅಶೋಕ್ ಕುಮಾರನ ಚಿತ್ರಕ್ಕೆಂದು ಟಿಕೆಟ್ ಕೊಂಡವರು ‘ಇಂಡಿಯನ್ ನ್ಯೂಸ್ ಪರೇಡ್’ ಎಂಬ ಸುದ್ದಿಚಿತ್ರವನ್ನೂ ನೋಡಿ ಬಂದರು.

ಸರ್ಕಾರಕ್ಕೆ ಅಷ್ಟೊಂದು ತುರ್ತು ಯಾಕಿತ್ತು? ಭಾರತೀಯರನ್ನು ಒಂದು ಮಾತೂ ಕೇಳದೆ 1939ರಲ್ಲಿ ದೇಶವನ್ನು ಯುದ್ಧಕ್ಕೆ ಇಳಿಸಲಾಗಿತ್ತು. 1942ರ ಆಗಸ್ಟ್ ಚಳವಳಿಯ ನಂತರ ಕಾಂಗ್ರೆಸ್ ನಾಯಕರೆಲ್ಲ ಜೈಲಿನಲ್ಲಿದ್ದರು. ಹೀಗಿದ್ದೂ ಸೇನೆಗೆ ಆಳು ಬೇಕಿತ್ತು, ಜನ ಬಂದರು ಕೂಡ. ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯ ಬಲ ಸುಮಾರು 25 ಲಕ್ಷ ಮುಟ್ಟಿತ್ತು. ಬಡತನ ದೂಡಿದ್ದರಿಂದ ಬಂದವರು ಬಹಳ, ಮನೆತನದ ರೂಢಿಯಿಂದ ಸೇರಿದವರೂ ಇದ್ದರು. ಆ ಬದುಕನ್ನು ಊರಿನವರಿಗೆ ಚೆಂದವಾಗಿ ಕಾಣಿಸುವ ಹೊಣೆ ಎಜ್ರಾ ಮೀರ್ ಮುಂದಾಳುತನದ ‘ಇನ್ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ’ ಮೇಲೆ ಬಿತ್ತು.

ಆ ಕಾಲದ ಯುದ್ಧದ ರೀಲುಗಳನ್ನು ಇಂದು ನೋಡಿದರೆ ಗುಂಡು ಹಾರುವ ದೃಶ್ಯಕ್ಕಿಂತ ಸಣ್ಣಪುಟ್ಟ ಕೆಲಸಗಳೇ ಕಣ್ಣು ಹಿಡಿದು ನಿಲ್ಲಿಸುತ್ತವೆ. ಒಬ್ಬ ರೊಟ್ಟಿ ತಟ್ಟುತ್ತಾನೆ. ಒಬ್ಬ ಲಾರಿಯ ಎಂಜಿನ್‌ಗೆ ತಲೆ ತೂರಿಸಿದ್ದಾನೆ. ತಲೆಗೂದಲು ತೊಳೆದು ಬಿಸಿಲಿಗೆ ಕುಳಿತ ಸಿಖ್ ಯೋಧ ಯಾವುದೋ ಮಾತಿಗೆ ನಗುತ್ತಾನೆ. ಆ ನಗು ಬರೆಸಿದ್ದಲ್ಲ. ಆದರೆ ಅವನು ಏನು ಹೇಳಿದ ಎಂಬುದು ನಮಗೆ ಸಿಗುವುದಿಲ್ಲ. ಕದನಭೂಮಿಯ ಕ್ಯಾಮೆರಾಗಳಲ್ಲಿ ಹೆಚ್ಚಿನವು ದನಿ ಹಿಡಿಯುತ್ತಿರಲಿಲ್ಲ. ನೂರು ಅಡಿಯ ರೋಲು ಒಂದು ನಿಮಿಷ ಚಿಲ್ಲರೆ ಸೆಕೆಂಡಿಗೆ ಮುಗಿದುಹೋಗುತ್ತಿತ್ತು. ಫಿರಂಗಿಯ ಸದ್ದು, ಬ್ಯಾಂಡಿನ ಸಂಗೀತ, ಹುಮ್ಮಸ್ಸಿನ ನಿರೂಪಣೆ, ಇವೆಲ್ಲ ಆಮೇಲೆ ಸ್ಟುಡಿಯೊದಲ್ಲಿ ಕೂಡಿಸಿದವು. ಆ ನಿರೂಪಣೆಯೂ ಇಂಗ್ಲಿಷ್, ಹಿಂದೂಸ್ತಾನಿ, ಬಂಗಾಳಿ, ತಮಿಳು, ತೆಲುಗಿನಲ್ಲಿತ್ತು. ಕನ್ನಡದಲ್ಲಿರಲಿಲ್ಲ. ಧಾರವಾಡ, ಮಂಗಳೂರು, ಬಳ್ಳಾರಿಯ ಪ್ರೇಕ್ಷಕರು ತಮ್ಮ ಕಡೆಯ ಹುಡುಗರು ಹೋದ ಯುದ್ಧದ ಕಥೆಯನ್ನು ಪರಭಾಷೆಯಲ್ಲೇ ಕೇಳಬೇಕಾಯಿತು.

ಇಂಥ ಚಿತ್ರಗಳ ಬಗ್ಗೆ ಸಾಮಾನ್ಯವಾಗಿ ಏಳುವ ತಕರಾರು ನಟನೆಯದು. ಅದು ಸುಳ್ಳಲ್ಲ. ಎಲ್ ಅಲಮೇನ್ ಕದನವನ್ನು ಕುರಿತ, ಆಸ್ಕರ್ ಪಡೆದ ಬ್ರಿಟಿಷ್ ಚಿತ್ರ ‘ಡೆಸರ್ಟ್ ವಿಕ್ಟರಿ’ಯ ಕೆಲವು ರಾತ್ರಿ ದೃಶ್ಯಗಳನ್ನು ತೆಗೆದದ್ದು ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೊದಲ್ಲಿ. ಆದರೆ ನನ್ನ ಮಟ್ಟಿಗೆ ದೊಡ್ಡ ಸುಳ್ಳು ಅದಲ್ಲ, ತೋರಿಸದೆ ಬಿಟ್ಟದ್ದು. ಸೇನೆಯ ಊಟದ ಪಂಕ್ತಿ ತೆರೆಯ ಮೇಲೆ ಮೂಡುತ್ತಿದ್ದ ವರ್ಷವೇ ಬಂಗಾಳದಲ್ಲಿ ಬರ ಕವಿದಿತ್ತು. ಅದರಲ್ಲಿ ಮಡಿದವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಲೋಕ ಆ ಹಸಿವನ್ನು ಕಂಡದ್ದು ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಅಚ್ಚುಹಾಕಿದ ಫೋಟೊಗಳಲ್ಲಿ, ಸುನಿಲ್ ಜಾನಾ ತೆಗೆದ ಚಿತ್ರಗಳಲ್ಲಿ, ಚಿತ್ತಪ್ರಸಾದರ ರೇಖೆಗಳಲ್ಲಿ.

ಸಾವೂ ಹಾಗೆಯೇ. ಬೆಂಗಳೂರನ್ನು ನೆಲೆ ಮಾಡಿಕೊಂಡಿದ್ದ ಮದ್ರಾಸ್ ಸ್ಯಾಪರ್ಸ್ ದಳದ ಸುಬೇದಾರ್ ಸುಬ್ರಮಣ್ಯನ್ 1944ರ ಫೆಬ್ರುವರಿ 24ರಂದು ಇಟಲಿಯ ಮಿನ್ಯಾನೊ ಬಳಿ ನೆಲಬಾಂಬುಗಳನ್ನು ತೆಗೆಯುತ್ತಿದ್ದರು. ಒಂದು ಸಿಡಿಯುವುದರಲ್ಲಿದ್ದಾಗ ಸಂಗಾತಿಗಳನ್ನು ಉಳಿಸಲು ಅದರ ಮೇಲೆಯೇ ಬಿದ್ದು ಪ್ರಾಣ ಕೊಟ್ಟರು. ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಬಂತು. ಅಂಥ ಗಳಿಗೆಗೆ ಕ್ಯಾಮೆರಾ ಕಾದು ನಿಂತಿರುವುದಿಲ್ಲ. ಅದು ಸಿಗುತ್ತಿದ್ದದ್ದು ಪದಕ ತೊಡಿಸುವ ಕವಾಯತಿಗೆ.

ಹಾಗಾದರೆ ಸಿಪಾಯಿಯ ಮಾತು ಪೂರ್ತಿ ಕಳೆದುಹೋಯಿತೇ? ಇಲ್ಲ. ಸೇನೆಯ ಸೆನ್ಸಾರ್ ಅಧಿಕಾರಿಗಳು ಸೈನಿಕರ ಕಾಗದಗಳನ್ನು ಒಡೆದು ಓದಿ, ಆಯ್ದ ಸಾಲುಗಳನ್ನು ವರದಿಗಳಲ್ಲಿ ಸೇರಿಸಿದರು. ಅವು ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಊರಿನಲ್ಲಿ ಧಾನ್ಯದ ಬೆಲೆ ಏರಿದ ಚಿಂತೆ, ಸಂಬಳ ಸಾಲದ ನೋವು, ರಜೆಯ ಹಂಬಲ ಅಲ್ಲಿವೆ. ಅವರ ಮುಖಗಳಿರುವ ರೀಲುಗಳು ಅದೇ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ವಶದಲ್ಲಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಅರ್ಧ ಮನುಷ್ಯ ಮಾತ್ರ ಸಿಗುತ್ತಾನೆ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಈ ಇಡೀ ಚಿತ್ರವಿಭಾಗಕ್ಕೆ ಹಣ ಕೊಡಲು ಕೇಂದ್ರ ಶಾಸನಸಭೆ ಒಪ್ಪಲಿಲ್ಲ, ಅದು ಮುಚ್ಚಿತು. ಪರರ ಯುದ್ಧದ ತುತ್ತೂರಿ ಅದು ಎಂಬ ಸಿಟ್ಟು ನ್ಯಾಯವಾದದ್ದೇ. ಆದರೆ ಮರುವರ್ಷ ಸ್ವಾತಂತ್ರ್ಯ ಬಂದಾಗ ಅದನ್ನು ಚಿತ್ರಿಸಲು ಸರ್ಕಾರಕ್ಕೆ ತನ್ನದೇ ಆದ ಇಂಥ ವಿಭಾಗವಿರಲಿಲ್ಲ. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಹುಟ್ಟಿತು, ಕಡ್ಡಾಯ ಪ್ರದರ್ಶನದ ಕಟ್ಟಳೆಯೂ ಮರಳಿತು.

ಇಂದು ಈ ರೀಲುಗಳಲ್ಲಿ ಹಲವನ್ನು ಅಂತರ್ಜಾಲದಲ್ಲಿ ನೋಡಬಹುದು. ಒಮ್ಮೆ ಸದ್ದು ಆರಿಸಿ ನೋಡಿ. ನಿಮ್ಮ ಮನೆಯಲ್ಲಿ ಆ ಯುದ್ಧಕ್ಕೆ ಹೋಗಿ ಬಂದ ಅಜ್ಜನ ಕಾಗದ, ಪೇಬುಕ್, ಫೋಟೊ ಏನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಹೆಸರು, ಊರು, ದಳ, ಅವರು ಹೇಳುತ್ತಿದ್ದ ಸಂಗತಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. ಸಮೀಪದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೂ ಅದರ ಒಂದು ಪ್ರತಿ ಕೊಡಿ.