ನಿಮಗಿದು ಗೊತ್ತೆ? ಗೋವಾದ ನೆಲದ ಮೇಲೊಂದು ‘ಹಡಗು’

ಗೋವಾದ ದಾಬೋಲಿಂನಲ್ಲಿ, ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯೊಳಗೆ, ವಿಮಾನವಾಹಕ ನೌಕೆಯ ಡೆಕ್ಕಿನ ಪಡಿಯಚ್ಚು ಗಟ್ಟಿ ನೆಲದ ಮೇಲಿದೆ. ತುದಿಯಲ್ಲಿ ಮೇಲಕ್ಕೆ ಬಾಗಿದ ಓಡುದಾರಿಯಿದೆ, ಇಳಿಯುವ ವಿಮಾನದ ಕೊಕ್ಕೆ ಹಿಡಿದು ನಿಲ್ಲಿಸುವ ಉಕ್ಕಿನ ಹಗ್ಗಗಳಿವೆ, ಸಮುದ್ರವೊಂದಿಲ್ಲ. ಇದನ್ನು ಕಟ್ಟಿದ್ದು ವಾಸ್ಕೋದ ಗೋವಾ ಶಿಪ್‌ಯಾರ್ಡ್.

ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್ ಯುದ್ಧವಿಮಾನ, 2014ರ ಡಿಸೆಂಬರ್ 20ರಂದು ಈ ಬಾಗುದಾರಿಯಿಂದ ಮೊದಲ ಬಾರಿ ನೆಗೆದು ಹಾರಿತು. ಅದೇ ನೆಲೆಯಲ್ಲಿ 2019ರ ಸೆಪ್ಟೆಂಬರ್ 13ರಂದು ಹಗ್ಗಕ್ಕೆ ಸಿಕ್ಕಿ ನಿಂತಿತು. ನಾಲ್ಕೇ ತಿಂಗಳಲ್ಲಿ, 2020ರ ಜನವರಿ 11ರಂದು, ಕಡಲಲ್ಲಿದ್ದ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯದ ಮೇಲೇ ಇಳಿಯಿತು. ನೆಲದ ಮೇಲೆ ಇಷ್ಟು ವರ್ಷ ತಾಳ್ಮೆಯಿಂದ ಪಳಗದಿದ್ದರೆ ಆ ದಿನ ಬರುತ್ತಿರಲಿಲ್ಲ.

ಲೋನಾವಳದ ನೌಕಾ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿಗೂ ಗೋವಾ ಶಿಪ್‌ಯಾರ್ಡ್ ಒಂದು ಕೃತಕ ಹಡಗನ್ನು ಕಟ್ಟಿಕೊಟ್ಟಿದೆ. ಅದು ಓಲಾಡುತ್ತದೆ, ಒಡೆದ ಗೋಡೆಯಿಂದ ನೀರು ನುಗ್ಗುತ್ತದೆ; ನಾವಿಕರು ಆ ಅಬ್ಬರದಲ್ಲೇ ತೂತು ಮುಚ್ಚಲು ಕಲಿಯುತ್ತಾರೆ. ವರ್ಚುವಲ್ ರಿಯಾಲಿಟಿಯ ಕನ್ನಡಕ ತೊಡಿಸಿ ಕಾರ್ಖಾನೆಗಳು ಇಂದು ಕೆಲಸಗಾರರಿಗೆ ಕೊಡುವ ತರಬೇತಿಯ ಹಿಂದಿರುವುದೂ ಇದೇ ಆಲೋಚನೆ: ತಪ್ಪಿದರೂ ಜೀವ ಹೋಗದ ಕಡೆ ಕೈ ಪಳಗಲಿ.

ಕಾಣುವ ನೋಟದ ಮೇಲೇ ಮಾಹಿತಿ ಮೂಡಿಸುವ ಆಗ್ಮೆಂಟೆಡ್ ರಿಯಾಲಿಟಿಯೂ ತೇಜಸ್‌ನಲ್ಲಿದೆ. ಪೈಲಟ್‌ನ ಕಣ್ಣೆದುರಿನ ಗಾಜಿನಲ್ಲಿ ವೇಗ, ಎತ್ತರಗಳ ಅಂಕಿಗಳು ಹೊರಗಿನ ಆಕಾಶದ ಮೇಲೇ ಮೂಡುತ್ತವೆ. ಈ ಸಾಧನವನ್ನು ರೂಪಿಸಿದ್ದು ಚಂಡೀಗಢದ ಸಿಎಸ್‌ಐಒ ಸಂಸ್ಥೆ. ಇದೇ ತತ್ತ್ವವನ್ನು ಕಾರ್ಖಾನೆಗೆ ತರುವ ಯೋಚನೆಯನ್ನು 1992ರಲ್ಲಿ ಬೋಯಿಂಗ್‌ನ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಮುಂದಿಟ್ಟರು. ವಿಮಾನದ ವೈರಿಂಗ್ ಜೋಡಿಸುವವರು ನಕ್ಷೆಯ ಹಾಳೆಗಾಗಿ ತಡಕಾಡದೆ, ಕೆಲಸದ ಹಲಗೆಯ ಮೇಲೇ ಅದನ್ನು ಕಾಣಲಿ ಎಂಬುದು ಅವರ ಉದ್ದೇಶವಾಗಿತ್ತು.